ಬಸ್ಸು ಹೋಯ್ತು, ಮಳೆ ಹೋಗ್ಲಿಲ್ಲ: ಮನೆ ರೆಕಾರ್ಡಿಂಗಿಗೆ ಫಿಲ್ಟರ್, ಕಂಪ್ರೆಸರ್, ಮಾಸ್ಟರಿಂಗ್ ಎಂತ ಮಾಡ್ತದೆ

ಜೂನ್ ಕೊನೆಗೆ ಅಕ್ಕನ ಮಗಳು ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಗೆ ಬಂದಿದ್ಲು, ಅವಳಿಗೊಂದು ದಾಸರ ಪದ ರೆಕಾರ್ಡ್ ಮಾಡಿ ಕೊಡ್ಬೇಕಿತ್ತು. ಮಾಳಿಗೆಯ ಮೇಲೆ ಶೀಟ್ ಹಾಕಿದ ಹತ್ತಡಿ ಅಗಲದ ಕೋಣೆ ನನ್ನದು, ಒಂದು ಕಂಡೆನ್ಸರ್ ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲಿನ ಇಂಟರ್ಫೇಸ್, ಹಳೆ ಲ್ಯಾಪ್‌ಟಾಪಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಅಷ್ಟೇ. ಅವಳು ಹಾಡಿದ್ದು ಚಂದ ಉಂಟು, ಆದ್ರೆ ಹೆಡ್‌ಫೋನ್ ಹಾಕಿ ಕೇಳಿದ್ರೆ ಸ್ವರದ ಹಿಂದೆ ಬೇರೆ ಮೂರು ಸೌಂಡ್ ಸೇರಿಕೊಂಡಿತ್ತು, ಮಣಿಪಾಲ ರಸ್ತೆಯಲ್ಲಿ ಹೋದ ಬಸ್ಸಿನ ಗುಡುಗುಡು, ಕರೆಂಟಿನ ಸಣ್ಣ ಗುಂಯ್, ಮತ್ತೆ ಚರಣ ಅರ್ಧ ಆಗುವಾಗ ಶೀಟಿನ ಮೇಲೆ ಬಿದ್ದ ಮಳೆ. "ಮಾವ, ಇದೆಲ್ಲ ಫಿಲ್ಟರ್ ಹಾಕಿದ್ರೆ ಹೋಗ್ತದಲ್ಲ?" ಅಂತ ಕೇಳಿದ್ಲು. ಬಸ್ಸು ಪೂರ್ತಿ ಹೋಯ್ತು, ಗುಂಯ್ ಮುಕ್ಕಾಲು ಹೋಯ್ತು, ಮಳೆ ಮಾತ್ರ ಹೋಗ್ಲೇ ಇಲ್ಲ. ಯಾಕೆ ಹೀಗೆ ಅಂತ ಅವಳಿಗೆ ಹೇಳ್ಲಿಕ್ಕೆ ಕೂತದ್ದು, ಹೇಳ್ತಾ ಹೇಳ್ತಾ ಮಾಸ್ಟರಿಂಗ್ ತನಕ ಹೋಯ್ತು, ಅದನ್ನೇ ಇಲ್ಲಿ ಬರೀತಿದ್ದೇನೆ.

ಫಿಲ್ಟರಿಗೆ ಇದು ಹಾಡು, ಇದು ಬಸ್ಸು ಅಂತ ಗೊತ್ತಾಗುದಿಲ್ಲ. ಅದಕ್ಕೆ ಗೊತ್ತಿರುದು ಒಂದೇ, ಒಂದು ಸೆಕೆಂಡಿಗೆ ಎಷ್ಟು ಸರ್ತಿ ಕಂಪನ ಆಗ್ತದೆ ಅನ್ನುದು, ಅಂದ್ರೆ ಹರ್ಟ್ಸ್. ನಮ್ಮ ಕಿವಿ ಸುಮಾರು 20 ಹರ್ಟ್ಸಿಂದ 20,000 ಹರ್ಟ್ಸ್ ತನಕ ಕೇಳ್ತದೆ, ವಯಸ್ಸಾದ ಹಾಗೆ ಮೇಲಿನದ್ದು ಕಡಿಮೆ ಆಗ್ತಾ ಬರ್ತದೆ. ಬೇಕಾದ ಸೌಂಡ್ ಒಂದು ಕಡೆ, ಬೇಡದ್ದು ಇನ್ನೊಂದು ಕಡೆ ಇದ್ರೆ ಫಿಲ್ಟರ್ ಅದೆರಡನ್ನು ಬೇರೆ ಮಾಡ್ತದೆ. ಎರಡೂ ಒಂದೇ ಜಾಗದಲ್ಲಿ ಕೂತಿದ್ರೆ ಎಷ್ಟು ದುಡ್ಡಿನ ಫಿಲ್ಟರ್ ತಂದ್ರೂ ಬೇರೆ ಮಾಡ್ಲಿಕ್ಕೆ ಬರುದಿಲ್ಲ. ಬಸ್ಸಿನ ಗುಡುಗುಡು ಹೆಚ್ಚಾಗಿ 80 ಹರ್ಟ್ಸಿಗಿಂತ ಕೆಳಗೆ, ಹುಡುಗಿಯ ಸ್ವರ ಅದಕ್ಕಿಂತ ತುಂಬ ಮೇಲೆ, ಹಾಗಾಗಿ ಕೆಳಗಿನದ್ದನ್ನು ತೆಗೆದುಹಾಕುವ ಹೈ ಪಾಸ್ ಫಿಲ್ಟರ್ ಹಾಕಿದ ಕೂಡ್ಲೆ ಬಸ್ಸು ಮಾಯ. ಹೆಸರಲ್ಲೇ ಉಂಟು ನೋಡಿ, ಹೈ ಪಾಸ್ ಅಂದ್ರೆ ಮೇಲಿನದ್ದನ್ನು ಬಿಡ್ತದೆ, ಕೆಳಗಿನದ್ದನ್ನು ತಡೀತದೆ, ಲೋ ಪಾಸ್ ಅದರ ಉಲ್ಟಾ. ಹೊಸಬರು ಇದನ್ನು ಅದಲುಬದಲು ಮಾಡ್ಕೊಳ್ಳುದು ಜಾಸ್ತಿ.

ಮಳೆ ಹಾಗಲ್ಲ. ಶೀಟಿನ ಮೇಲೆ ಬೀಳುವ ಮಳೆ ಕೆಳಗಿಂದ ಮೇಲಿನ ತನಕ ಎಲ್ಲ ಕಡೆ ಹರಡಿಕೊಂಡಿರ್ತದೆ, ಸ್ವರ ಇರುವಲ್ಲೆಲ್ಲ ಅದೂ ಉಂಟು. ಅಡಾಸಿಟಿ ಅನ್ನುವ ಸಾಫ್ಟ್‌ವೇರಲ್ಲಿ ನಾಯ್ಸ್ ರಿಡಕ್ಷನ್ ಅಂತ ಒಂದು ಇದೆ, ಬರೀ ಮಳೆ ಇರುವ ಸ್ವಲ್ಪ ಭಾಗ ತೋರಿಸಿದ್ರೆ ಅದರ ಗುರುತು ಹಿಡ್ಕೊಂಡು ಉಳಿದ ಕಡೆ ತಗ್ಗಿಸ್ತದೆ, ಒಂದೇ ಸಮ ಬರುವ ಸಣ್ಣ ಸೊಂಯ್ ಸದ್ದಿಗೆ ಅದು ಒಳ್ಳೆದೇ, ಆದ್ರೆ ಆಷಾಢದ ಮಳೆಗೆ ಹಾಕಿದ್ರೆ ಹಾಡುವವರು ಬಾವಿಯೊಳಗೆ ಮುಳುಗಿ ಹಾಡಿದ ಹಾಗೆ ಕೇಳ್ತದೆ. ಹಾಗಾಗಿ ನಾವು ಎಂತ ಮಾಡಿದ್ದು ಅಂದ್ರೆ ರಾತ್ರಿ ಮಳೆ ಬಿಟ್ಟ ಮೇಲೆ ಆ ಚರಣ ಮತ್ತೊಮ್ಮೆ ಹಾಡಿಸಿದ್ದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರೆಕಾರ್ಡಿಂಗ್ ಅಂದ್ರೆ ಹೀಗೇ, ಮಳೆ ಬಿಡುವ ಹೊತ್ತು ಕಾದು ಕೂರ್ಬೇಕು.

ಈಗ ಹೈ ಪಾಸ್ ಎಲ್ಲಿಗೆ ಇಡುದು ಅನ್ನುವ ಪ್ರಶ್ನೆ. ಎಲ್ಲರೂ ಕಣ್ಣು ಮುಚ್ಚಿ 100 ಹರ್ಟ್ಸ್ ಅಂತ ಹೇಳ್ತಾರೆ, ನನಗದು ಸರಿ ಕಾಣುದಿಲ್ಲ, ಯಾಕಂದ್ರೆ ಹಾಡುವವರ ಶ್ರುತಿ ನೋಡಿದ್ರೆ ಲೆಕ್ಕ ಸಿಗ್ತದೆ. ಇವಳದ್ದು ಐದೂವರೆ ಶ್ರುತಿ. ಅಂದ್ರೆ ಅವಳ ಮಧ್ಯ ಷಡ್ಜ (ನಡು ಸ್ಥಾಯಿಯ ಸ) ಸುಮಾರು 208 ಹರ್ಟ್ಸ್, ತಾರ ಷಡ್ಜ (ಮೇಲಿನ ಸ) ಅದರ ಎರಡು ಪಟ್ಟು 415, ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ ಪ) ಸುಮಾರು 156. ಪದದಲ್ಲಿ ಅವಳು ಮಂದ್ರ ಪಂಚಮಕ್ಕಿಂತ ಕೆಳಗೆ ಇಳಿಯುದೇ ಇಲ್ಲ, ಹಾಗಾಗಿ 100ರಲ್ಲಿ ಫಿಲ್ಟರ್ ಇಟ್ಟರೆ ಅವಳ ಸ್ವರಕ್ಕೆ ಏನೂ ತೊಂದರೆ ಇಲ್ಲ. ಅದೇ ಒಂದು ಶ್ರುತಿಯಲ್ಲಿ ಹಾಡುವ ಗಂಡಸರನ್ನು ತೆಕ್ಕೊಳ್ಳಿ, ಅವರ ಷಡ್ಜ ಸುಮಾರು 131, ಮಂದ್ರ ಪಂಚಮ 98! ನಾನು ಶುರು ಶುರುವಿಗೆ ಒಬ್ಬರು ಹಿರಿಯರ ಹಾಡಿಗೆ 120ಕ್ಕೆ ಫಿಲ್ಟರ್ ಹಾಕಿ ಕೊಟ್ಟಿದ್ದೆ, ಅವರು ಕೇಳಿ "ಮಂದ್ರದಲ್ಲಿ ನನ್ನ ಸ್ವರ ಟೊಳ್ಳಾಗಿದೆ ಅಲ್ವಾ" ಅಂದ್ರು, ಎಷ್ಟು ಸರಿ ಅವರ ಕಿವಿ, ಅವರ ಪಂಚಮದ ಬುಡವನ್ನೇ ನಾನು ಕಡಿದು ಹಾಕಿದ್ದೆ. ಅಂಥವರಿಗೆ 70ರ ಹತ್ತಿರ ಸಾಕು. ಅಂದಾಜಿಗೆ ಹೇಳುದಾದ್ರೆ, ಹಾಡಿನಲ್ಲಿ ಬರುವ ಅತಿ ಕೆಳಗಿನ ಸ್ವರ ಯಾವುದು ನೋಡಿ, ಅದಕ್ಕಿಂತ ಕೆಳಗೆ ಒಂದಿಷ್ಟು ಜಾಗ ಬಿಟ್ಟು ಫಿಲ್ಟರ್ ಇಡಿ.

ಒಂದಿಷ್ಟು ಜಾಗ ಯಾಕೆ ಅಂದ್ರೆ ಫಿಲ್ಟರ್ ಗೋಡೆ ಅಲ್ಲ, ಇಳಿಜಾರು. 100 ಹರ್ಟ್ಸಿಗೆ ಇಟ್ಟರೆ 101 ಪೂರ್ತಿ ಪಾಸು 99 ಪೂರ್ತಿ ಫೇಲು ಅಂತ ಇಲ್ಲ, ಸಾಧಾರಣವಾಗಿ ಆ 100ರಲ್ಲೇ ಆಗ್ಲೇ 3 ಡೆಸಿಬಲ್ (ಜೋರು ಅಳೆಯುವ ಲೆಕ್ಕ, ಚಿಕ್ಕದಾಗಿ ಡಿಬಿ) ಇಳಿದಿರ್ತದೆ. ಆಮೇಲೆ ಎಷ್ಟು ಬೇಗ ಇಳೀತದೆ ಅನ್ನುದನ್ನು ಸ್ಲೋಪ್ ಹೇಳ್ತದೆ. ಆಕ್ಟೇವಿಗೆ 6 ಡಿಬಿ ಅಂದ್ರೆ ಮಲ್ಪೆ ಬೀಚಲ್ಲಿ ನೀರಿಗೆ ಇಳಿದ ಹಾಗೆ, ನಡೀತಾ ನಡೀತಾ ಮೊಣಕಾಲು, ಸೊಂಟ. 24 ಡಿಬಿ ಅಂದ್ರೆ ದೇವಸ್ಥಾನದ ಕೆರೆಯ ಮೆಟ್ಟಿಲು ಇಳಿದ ಹಾಗೆ, ಎರಡು ಹೆಜ್ಜೆಗೆ ಕುತ್ತಿಗೆ ತನಕ ನೀರು. ಆಕ್ಟೇವ್ ಅಂದ್ರೆ ನಮ್ಮ ಒಂದು ಸ್ಥಾಯಿ, ಕಂಪನ ಅರ್ಧ ಆದ್ರೆ ಒಂದು ಸ್ಥಾಯಿ ಕೆಳಗೆ. 80ರಲ್ಲಿ 12 ಡಿಬಿ ಸ್ಲೋಪ್ ಇಟ್ಟರೆ 40 ಹರ್ಟ್ಸಲ್ಲಿ ಹತ್ತಿರ ಹತ್ತಿರ 12 ಡಿಬಿ ಹೋಗಿರ್ತದೆ, 20ರಲ್ಲಿ 24. ಸ್ವರಕ್ಕೆ ನನಗೆ 12 ಇಷ್ಟ, ಬಸ್ಸು ಲಾರಿ ತುಂಬ ಇದ್ರೆ 18.

ಇನ್ನು ಕರೆಂಟಿನ ಗುಂಯ್. ನಮ್ಮ ಊರಿನ ಕರೆಂಟು 50 ಹರ್ಟ್ಸಿನದ್ದು, ಅರ್ಥಿಂಗ್ ಸರಿ ಇಲ್ಲದಿದ್ರೆ, ಲ್ಯಾಪ್‌ಟಾಪಿನ ಚಾರ್ಜರ್ ತೊಂದರೆ ಕೊಟ್ರೆ ಅದು ಒಳಗೆ ಬರ್ತದೆ, 50 ಒಂದೇ ಅಲ್ಲ, ಅದರ ಮಗ್ಗಿಯೂ ಬರ್ತದೆ, 100, 150, 200 ಹೀಗೆ. ಹೈ ಪಾಸ್ ಹಾಕಿದಾಗ 50 ತಗ್ಗುತ್ತದೆ, 150 ಹಾಗೇ ಉಳೀತದೆ, ಅದಕ್ಕೇ ಮುಕ್ಕಾಲು ಹೋಯ್ತು ಅಂದದ್ದು. ಅಲ್ಲಿಗೆ ನಾಚ್ ಫಿಲ್ಟರ್ ಬೇಕು, ಸೂಜಿಯ ಹಾಗೆ ಸಪೂರದ ಗುಂಡಿ, 150ರಲ್ಲಿ ಮಾತ್ರ ಆಳವಾಗಿ ತೆಗೆದು ಅಕ್ಕಪಕ್ಕ ಮುಟ್ಟುದಿಲ್ಲ. ಆದ್ರೆ ಅವಳ ಮಂದ್ರ ಪಂಚಮ 156ರಲ್ಲಿ ಕೂತಿದೆ ಅಂತ ನೆನಪಿರ್ಲಿ, ಗುಂಡಿ ಸ್ವಲ್ಪ ಅಗಲ ಆದ್ರೂ ಆ ಸ್ವರ ಅದರೊಳಗೆ ಬೀಳ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದ್ರೆ ಎಷ್ಟೋ ಸಲ ಗುಂಯ್ ಬರುದೇ ಇಲ್ಲ, ಮೊದಲು ಅದನ್ನು ನೋಡಿ.

ಇಕ್ಯೂ (ಈಕ್ವಲೈಸರ್) ಅನ್ನುದು ಇದೇ ಫಿಲ್ಟರುಗಳ ಒಂದು ಕಟ್ಟು, ಒಂದೊಂದು ಫಿಲ್ಟರಿಗೆ ಬ್ಯಾಂಡ್ ಅಂತಾರೆ, ಬೇಕಾದ ಹರ್ಟ್ಸಿನ ಜಾಗವನ್ನು ಅದರಲ್ಲಿ ಏರಿಸ್ಬಹುದು, ಇಳಿಸ್ಬಹುದು. ಅದರಲ್ಲಿ ನಾನು ದಿನಾ ಮಾಡುವ ಒಂದು ಕೆಲಸ ಹೇಳ್ತೇನೆ. ಸ್ವರ ಡಬ್ಬದೊಳಗೆ ಹಾಡಿದ ಹಾಗೆ ಕೇಳ್ತಿತ್ತು, ಸಣ್ಣ ಕೋಣೆ, ಬರೀ ಗೋಡೆ, ಅದು ಆಗುದೇ. ಇಕ್ಯೂನಲ್ಲಿ ಒಂದು ಬ್ಯಾಂಡ್ ತೆಕ್ಕೊಂಡು ಸಪೂರ ಮಾಡಿ 8 ಡಿಬಿ ಏರಿಸಿದೆ, ಹಾಡು ಓಡ್ತಿರುವಾಗಲೇ ಅದನ್ನು 200ರಿಂದ ಮೆಲ್ಲ ಮೇಲೆ ಎಳೆದುಕೊಂಡು ಹೋದೆ. 250, 300, ಏನಿಲ್ಲ. 380ರ ಹತ್ತಿರ ಬಂದದ್ದೇ ಹೆಡ್‌ಫೋನಲ್ಲಿ ಖಾಲಿ ಕೊಡಪಾನಕ್ಕೆ ಬಾಯಿ ಇಟ್ಟು ಕೂಗಿದ ಹಾಗೆ ‘ಊಂ’ ಅಂತ ತುಂಬಿಕೊಂಡಿತು. ಸಿಕ್ಕಿತು ಜಾಗ. ಅಲ್ಲಿ ನಿಲ್ಲಿಸಿ, ಏರಿಸಿದ್ದನ್ನು ಇಳಿಸಿ 3 ಡಿಬಿ ಕೆಳಗೆ ತಂದೆ, ಸ್ವಲ್ಪ ಅಗಲ ಮಾಡಿದೆ, ಸ್ವರ ಡಬ್ಬದಿಂದ ಹೊರಗೆ ಬಂತು. ಇದರಲ್ಲಿ ಒಂದು ಅಪಾಯವೂ ಉಂಟು, 8 ಡಿಬಿ ಏರಿಸಿದ್ರೆ ಯಾವ ಜಾಗವೂ ಕೆಟ್ಟದ್ದಾಗಿಯೇ ಕೇಳ್ತದೆ, ಹಾಗಂತ ಸಿಕ್ಕಿದಲ್ಲೆಲ್ಲ ಕಡಿದ್ರೆ ಕೊನೆಗೆ ಸ್ವರದಲ್ಲಿ ಎಂತದೂ ಉಳಿಯುದಿಲ್ಲ. ಉಳಿದ ಕಡೆಗಿಂತ ಎದ್ದು ಹೊಡೆಯುವ ಒಂದೆರಡು ಜಾಗ ಮಾತ್ರ ತೆಗೀರಿ.

ಕಂಪ್ರೆಸರ್ ಬೇರೆ ಜಾತಿ. ಅದಕ್ಕೆ ಹರ್ಟ್ಸ್ ಗೊತ್ತಿಲ್ಲ, ಎಷ್ಟು ಜೋರು ಅನ್ನುದು ಮಾತ್ರ ಗೊತ್ತು. ಲೆಕ್ಕ ಹೀಗೆ (ಕಂಪ್ಯೂಟರಲ್ಲಿ ಅತಿ ಜೋರು ಅಂದ್ರೆ ಸೊನ್ನೆ, ಅದಕ್ಕಿಂತ ಕೆಳಗಿನದ್ದೆಲ್ಲ ಮೈನಸ್): ಥ್ರೆಶೋಲ್ಡ್, ಅಂದ್ರೆ ಅದುಮ್ಲಿಕ್ಕೆ ಶುರು ಮಾಡುವ ಗೆರೆ, ಮೈನಸ್ 20 ಡಿಬಿ, ರೇಶಿಯೋ 4ಕ್ಕೆ 1 ಅಂತ ಇಟ್ಕೊಳ್ಳಿ. ತಾರ ಸ್ಥಾಯಿಯಲ್ಲಿ ಅವಳು ಮೈನಸ್ 8ಕ್ಕೆ ಹೋದ್ಲು, ಅಂದ್ರೆ ಗೆರೆ ದಾಟಿ 12 ಡಿಬಿ ಮೇಲೆ. ನಾಲ್ಕಕ್ಕೆ ಒಂದು ಅಂದ್ರೆ ಆ 12ರಲ್ಲಿ 3 ಮಾತ್ರ ಬಿಡ್ತದೆ, ಹೊರಗೆ ಬರುದು ಮೈನಸ್ 17, ಒಟ್ಟು 9 ಡಿಬಿ ಅದುಮಿತು. ಗೆರೆಗಿಂತ ಕೆಳಗಿನ ಮೆಲ್ಲಗಿನ ಸಾಲು ಹಾಗೇ ಹೋಗ್ತದೆ. ಹೀಗೆ ಜೋರು ಮತ್ತೆ ಮೆಲ್ಲಗೆ ಎರಡೂ ಹತ್ತಿರ ಬಂದ ಮೇಲೆ ಒಟ್ಟಿಗೆ ಎತ್ತಿದ್ರೆ ಪದದ ಮಾತು ಸ್ಪಷ್ಟ ಆಗ್ತದೆ. 9 ಡಿಬಿ ಉದಾಹರಣೆಗೆ ಹೇಳಿದ್ದು, ಹಾಡಿಗೆ 3ರಿಂದ 5 ಸಾಕು ಅಂತ ನನ್ನ ಅಭಿಪ್ರಾಯ, ಅದಕ್ಕಿಂತ ಹೆಚ್ಚಾದ್ರೆ ಉಸಿರು ತೆಗೆಯುವ ಸದ್ದು ಹಾಡಿನಷ್ಟೇ ದೊಡ್ಡದಾಗಿ ಕೇಳ್ತದೆ.

ಹೈ ಪಾಸನ್ನು ಕಂಪ್ರೆಸರಿಗಿಂತ ಮೊದಲು ಹಾಕ್ಬೇಕು ಅಂತ ಹೇಳುದು ಇದಕ್ಕೇ. ಪ, ಬ, ಭ ಹೇಳುವಾಗ ಬಾಯಿಯ ಗಾಳಿ ಮೈಕಿಗೆ ಹೊಡೆದು ಕೆಳಗಡೆ ಒಂದು ದೊಡ್ಡ ಧಡ್ ಏಳ್ತದೆ, ಸಣ್ಣ ಸ್ಪೀಕರಲ್ಲಿ ನಿಮಗದು ಕೇಳುದೂ ಇಲ್ಲ, ಆದ್ರೆ ಕಂಪ್ರೆಸರಿಗೆ ಅದು ಜೋರು ಸೌಂಡೇ, ಕೂಡ್ಲೆ ಅದುಮ್ತದೆ, ಅದರ ಜೊತೆ ಸ್ವರವೂ ತಗ್ಗುತ್ತದೆ. ಹಾಡಲ್ಲಿ ಒಂದೊಂದು ಅಕ್ಷರ ನುಂಗಿದ ಹಾಗೆ ಯಾಕೆ ಕೇಳ್ತದೆ ಅಂತ ತಲೆಬಿಸಿ ಆಗಿದ್ರೆ ಒಮ್ಮೆ ಆರ್ಡರ್ ನೋಡಿ. ಅದೇ ರೀತಿ ಸ, ಶ, ಚ ಚುಚ್ಚುವ ಹಾಗಿದ್ರೆ ಡಿ-ಎಸ್ಸರ್ ಅಂತ ಉಂಟು, ಅದು ಫಿಲ್ಟರ್ ಮತ್ತೆ ಕಂಪ್ರೆಸರ್ ಸೇರಿಸಿದ್ದು, 5ರಿಂದ 8 ಸಾವಿರ ಹರ್ಟ್ಸ್ ಆಚೀಚೆ ಜೋರಾದಾಗ ಮಾತ್ರ ಅದುಮ್ತದೆ.

ಕಂಪ್ರೆಸರಿನ ಅಟ್ಯಾಕ್ (ಹಿಡೀಲಿಕ್ಕೆ ತೆಕ್ಕೊಳ್ಳುವ ಹೊತ್ತು), ರಿಲೀಸ್ ಬಗ್ಗೆ ಹೇಳ್ಬೇಕಾದ್ರೆ ಚೆಂಡೆಗಿಂತ ಒಳ್ಳೆ ಮೇಷ್ಟ್ರಿಲ್ಲ. ಚೆಂಡೆಯ ಪೆಟ್ಟಲ್ಲಿ ಎರಡು ಭಾಗ ಉಂಟು, ಕೋಲು ತಾಗಿದ ಆ ಕ್ಷಣದ ‘ಟಕ್’, ಅದರ ಹಿಂದೆ ಬರುವ ನಾದ. ಅಟ್ಯಾಕ್ 1 ಮಿಲಿಸೆಕೆಂಡ್ ಇಟ್ಟರೆ ಕಂಪ್ರೆಸರ್ ಆ ಟಕ್ಕನ್ನೇ ಹಿಡಿದು ಅದುಮ್ತದೆ, ಪೆಟ್ಟು ಮೊಂಡಾಗ್ತದೆ. 30 ಇಟ್ಟರೆ ಟಕ್ ದಾಟಿ ಹೋದ ಮೇಲೆ ಹಿಡೀತದೆ, ಪೆಟ್ಟು ಚೂಪಾಗಿಯೇ ಉಳೀತದೆ. ರಿಲೀಸ್ ಅಂದ್ರೆ ಬಿಡುವ ಹೊತ್ತು, ತುಂಬ ನಿಧಾನ ಆದ್ರೆ ಮುಂದಿನ ಪೆಟ್ಟು ಬರುವಾಗಲೂ ಇದು ಇನ್ನೂ ಅದುಮಿಕೊಂಡೇ ಇರ್ತದೆ.

ಇನ್ನು ಮಾಸ್ಟರಿಂಗ್. ಬೇರೆ ಬೇರೆ ರೆಕಾರ್ಡ್ ಮಾಡಿದ ಎಲ್ಲ ಟ್ರ್ಯಾಕ್ ಸೇರಿಸಿ (ಅದಕ್ಕೇ ಮಿಕ್ಸ್ ಅನ್ನುದು) ಒಂದೇ ಸ್ಟೀರಿಯೋ ಫೈಲ್ ಆದ ಮೇಲೆ ಅದರ ಮೇಲೆ ಮಾಡುವ ಕೆಲಸ ಅದು. ಇಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಕಲಸಿ ಆಗಿರ್ತದೆ. ಯಕ್ಷಗಾನದ ಪದ ಅಂತ ಇಟ್ಕೊಳ್ಳಿ, ಭಾಗವತರ ಮಾತು ಸ್ವಲ್ಪ ಮುಂದೆ ಬರ್ಲಿ ಅಂತ 3,000 ಹರ್ಟ್ಸ್ ಹತ್ತಿರ ಎತ್ತಿದ್ರೆ ಜಾಗಟೆಯೂ ಎದ್ದು ಬರ್ತದೆ, ಚೆಂಡೆಯ ಕೋಲಿನ ಸದ್ದೂ ಬರ್ತದೆ. ಅಲ್ಲಿಗೆ ನೀವು ಮಾಸ್ಟರಿಂಗ್ ಬಿಟ್ಟು ಮಿಕ್ಸ್ ಮಾಡುವಲ್ಲಿಗೆ ವಾಪಸ್ ಹೋಗಿ ಭಾಗವತರ ಟ್ರ್ಯಾಕನ್ನು 1 ಡಿಬಿ ಎತ್ತುದೇ ಸರಿ. ಮಾಸ್ಟರಲ್ಲಿ ಇಕ್ಯೂ ಅಂದ್ರೆ ಅಗಲವಾಗಿ, ಒಂದು ಒಂದೂವರೆ ಡಿಬಿ, ಕಂಪ್ರೆಸರ್ ಅಂದ್ರೆ 2ಕ್ಕೆ 1ಕ್ಕಿಂತ ಕಡಿಮೆ ರೇಶಿಯೋ, ಮೀಟರಲ್ಲಿ 1ರಿಂದ 2 ಡಿಬಿ ಅಲ್ಲಾಡಿದ್ರೆ ಸಾಕು. ಅಲ್ಲಿ 5 ಡಿಬಿ ಬೇಕು ಅನ್ನಿಸಿದ್ರೆ ಮಿಕ್ಸಲ್ಲಿ ಎಂತದೋ ತಪ್ಪಿದೆ ಅಂತಲೇ ಲೆಕ್ಕ.

ಕೊನೆಯದ್ದು ಲಿಮಿಟರ್, ಮನೆ ರೆಕಾರ್ಡಿಂಗ್ ಹೆಚ್ಚಾಗಿ ಹಾಳಾಗುದು ಇಲ್ಲೇ. ಅದು ಕಂಪ್ರೆಸರಿನ ಅತಿ ಗಟ್ಟಿ ರೂಪ, ಹಾಕಿದ ಗೆರೆ ದಾಟ್ಲಿಕ್ಕೇ ಬಿಡುದಿಲ್ಲ. ಗೆರೆ ಇಟ್ಟು ಒಳಗೆ ಬರುದನ್ನು ಎತ್ತಿದಷ್ಟೂ ಹಾಡು ಜೋರಾಗ್ತದೆ, ಕೇಳ್ಲಿಕ್ಕೆ ಮೊದಲು ಭಯಂಕರ ಖುಷಿ ಆಗ್ತದೆ. ಹೋದ ವರ್ಷ ಸ್ನೇಹಿತರ ಒಂದು ಯಕ್ಷಗಾನದ ಪದಕ್ಕೆ ನಾನು ಹೀಗೇ ಮಾಡಿದ್ದು, ಭಾಗವತರು, ಚೆಂಡೆ, ಮದ್ದಳೆ, ಬೇರೆಯವರ ಹಾಡಿಗಿಂತ ನಮ್ಮದು ಕಡಿಮೆ ಕೇಳ್ಬಾರ್ದು ಅಂತ ಲಿಮಿಟರಲ್ಲಿ 9 ಡಿಬಿ ಅದುಮಿ ಅಪ್‌ಲೋಡ್ ಮಾಡಿದೆ. ಮರುದಿನ ಫೋನಲ್ಲಿ ಕೇಳಿದ್ರೆ ಬೇರೆಯವರಿಗಿಂತ ಜೋರೂ ಇಲ್ಲ, ಚೆಂಡೆ ತಗಡು ಬಡಿದ ಹಾಗೆ, ಪದ ಏರಿದಾಗ ಏರಿದ್ದೇ ಗೊತ್ತಾಗುದಿಲ್ಲ. ಚೆಂಡೆ ನುಡಿಸಿದವರು ಏನೂ ಹೇಳ್ಲಿಲ್ಲ, ಅದೇ ನನಗೆ ಹೆಚ್ಚು ಬೇಜಾರಾದದ್ದು.

ಆದದ್ದು ಇಷ್ಟು. ಜೋರನ್ನು ಅಳೀಲಿಕ್ಕೆ ಈಗ ಎಲ್‌ಯುಎಫ್‌ಎಸ್ ಅಂತ ಒಂದು ಅಳತೆ ಉಂಟು, ಅದು ಒಂದೊಂದು ಪೀಕ್ (ಅಲೆಯ ತುದಿ) ನೋಡುದಲ್ಲ, ನಮ್ಮ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸ್ತದೆ ಅಂತ ಲೆಕ್ಕ ಹಾಕುದು, 2006ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದರ ಮೂಲ ಪದ್ಧತಿ ಹೊರಡಿಸಿದ್ದು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಲ್ಲಿ ಎಲ್ಲ ಹಾಡನ್ನು ಮೈನಸ್ 14ರ ಹತ್ತಿರಕ್ಕೆ ತಂದು ಕೇಳಿಸ್ತದೆ, ಯೂಟ್ಯೂಬೂ ಹೆಚ್ಚುಕಮ್ಮಿ ಅಷ್ಟಕ್ಕೇ ಇಳಿಸ್ತದೆ, ಆ್ಯಪಲ್ ಮ್ಯೂಸಿಕ್ ಮೈನಸ್ 16. ನನ್ನ ಫೈಲು ಮೈನಸ್ 8 ಇತ್ತು, ಹಾಗಾಗಿ 6 ಡಿಬಿ ಇಳಿಸಿ ಎಲ್ಲರ ಸಾಲಿಗೆ ತಂದು ನಿಲ್ಲಿಸಿದ್ರು. ವಾಲ್ಯೂಮ್ ಇಳೀತದೆ, ಆದ್ರೆ ಲಿಮಿಟರ್ ತಿಂದ ಪೆಟ್ಟು ವಾಪಸ್ ಬರುದಿಲ್ಲ ಅಲ್ವಾ, ಚೆಂಡೆ ಸತ್ತದ್ದು ಹಾಗೇ ಉಳೀತು. ಮತ್ತೊಮ್ಮೆ ಮಾಡುವಾಗ ಲಿಮಿಟರಲ್ಲಿ 2 ಡಿಬಿ ಮಾತ್ರ ಅದುಮಿದೆ, ಫೈಲು ಮೈನಸ್ 15ಕ್ಕೆ ಬಂತು, ಫೋನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿದ್ರೆ ಎರಡನೆಯದ್ದರಲ್ಲಿ ಚೆಂಡೆ ಎದೆಗೆ ತಾಗ್ತದೆ. ಅಳೀಲಿಕ್ಕೆ ಯೂಲೀನ್ ಲೌಡ್‌ನೆಸ್ ಮೀಟರ್ ಫ್ರೀಯಾಗಿ ಸಿಗ್ತದೆ.

ಲಿಮಿಟರಿನ ಗೆರೆ ಸೊನ್ನೆಗೆ ಇಡ್ಬೇಡಿ, ಮೈನಸ್ 1ಕ್ಕೆ ಇಡಿ, ಟ್ರೂ ಪೀಕ್ ಅಂತ ಆಯ್ಕೆ ಇದ್ರೆ ಆನ್ ಮಾಡಿ. ಕಂಪ್ಯೂಟರಲ್ಲಿ ಇರುದು ಸಾಲಾಗಿ ಇಟ್ಟ ಚುಕ್ಕಿಗಳು, ಸ್ಪೀಕರಿಗೆ ಹೋಗುವಾಗ ಆ ಚುಕ್ಕಿಗಳನ್ನು ಸೇರಿಸಿ ಅಲೆ ಮಾಡ್ತಾರೆ, ರಂಗೋಲಿಯಲ್ಲಿ ಚುಕ್ಕಿ ಸುತ್ತಿ ಬರುವ ಬಳ್ಳಿ ಚುಕ್ಕಿಗಿಂತ ಆಚೆ ಹೋಗುದಿಲ್ವಾ, ಹಾಗೆ ಎರಡು ಚುಕ್ಕಿಯ ನಡುವೆ ಅಲೆ ಇನ್ನೂ ಮೇಲೆ ಏರಿರ್ಬಹುದು. ಎಂಪಿ3 ಥರ ಮಾಡುವಾಗ ಇನ್ನೂ ಸ್ವಲ್ಪ ಏರ್ತದೆ, ಆ 1 ಡಿಬಿ ಅದಕ್ಕೆ ಬಿಟ್ಟ ಜಾಗ.

ಇಷ್ಟರಲ್ಲಿ ಕಿವಿ ನಮಗೆ ಒಂದು ಮೋಸ ಮಾಡ್ತದೆ, ಅದು ಗೊತ್ತಿರ್ಬೇಕು. ಜೋರಾದದ್ದೆಲ್ಲ ಚಂದ ಕೇಳ್ತದೆ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತೆ ಮನ್ಸನ್ ಅಳೆದು ತೋರಿಸಿದ್ರು, ವಾಲ್ಯೂಮ್ ಕಡಿಮೆ ಇದ್ದಾಗ ಕೆಳಗಿನ ಬೇಸ್ ನಮಗೆ ತುಂಬ ಕಡಿಮೆ ಕೇಳ್ತದೆ, ವಾಲ್ಯೂಮ್ ಏರಿದ ಹಾಗೆ ಅದು ತುಂಬಿಕೊಳ್ತದೆ. ಹಾಗಾಗಿ ಪ್ಲಗಿನ್ (ಇಕ್ಯೂ, ಕಂಪ್ರೆಸರ್ ಹೀಗೆ ಸಾಫ್ಟ್‌ವೇರಿಗೆ ಸೇರಿಸುವಂಥದ್ದು) ಹಾಕಿದ ಮೇಲೆ 2 ಡಿಬಿ ಜೋರಾದ್ರೂ ಸಾಕು, ಹಾ ಚಂದ ಆಯ್ತು ಅನ್ನಿಸ್ತದೆ, ನಿಜಕ್ಕೂ ಚಂದ ಆಗಿರ್ಬೇಕಂತಿಲ್ಲ. ನಾನು ಈಗ ಪ್ರತಿ ಪ್ಲಗಿನ್ನಿನ ಔಟ್‌ಪುಟ್ ಇಳಿಸಿ, ಹಾಕುವ ಮೊದಲು ಎಷ್ಟು ಜೋರಿತ್ತೋ ಅಷ್ಟಕ್ಕೇ ತಂದು, ಆನ್ ಆಫ್ ಮಾಡಿ ಕೇಳ್ತೇನೆ. ಅರ್ಧಕ್ಕರ್ಧ ಪ್ಲಗಿನ್ ತೆಗೆದೇ ಹಾಕ್ತೇನೆ.

ಕೋಣೆಯೂ ಸುಳ್ಳು ಹೇಳ್ತದೆ. ಹತ್ತಡಿ ದೂರದ ಎರಡು ಗೋಡೆಯ ನಡುವೆ ಸುಮಾರು 56 ಹರ್ಟ್ಸಿನ ಅಲೆ ಸರಿಯಾಗಿ ಕೂತು ನಿಲ್ತದೆ, ಗೋಡೆ ಹತ್ತಿರ ಅದು ಗುಮ್ ಅಂತ ಕೇಳ್ತದೆ, ಕೋಣೆಯ ನಡುವಿಗೆ ಬಂದ್ರೆ ಖಾಲಿ. ಕುರ್ಚಿ ನಡುವಲ್ಲಿ ಇಟ್ಟುಕೊಂಡು ಬೇಸ್ ಸಾಲುದಿಲ್ಲ ಅಂತ ಏರಿಸ್ತಾ ಹೋದ್ರೆ ಹೊರಗಿನವರಿಗೆ ಬರೀ ಬೇಸೇ ಕೇಳುದು. ಸಣ್ಣ ಕೋಣೆಯಲ್ಲಿ ಬೇಸಿನ ತೀರ್ಮಾನಕ್ಕೆ ಹೆಡ್‌ಫೋನನ್ನೇ ನಂಬಿ, ಆಮೇಲೆ ಕಾರಲ್ಲಿ ಕೇಳಿ. ಮತ್ತೆ ಮೋನೋದಲ್ಲಿ ಕೇಳ್ಲೇಬೇಕು, ನಮ್ಮ ಕಡೆ ಭಜನಾ ಮಂದಿರದಲ್ಲಿ, ಜಾತ್ರೆಯಲ್ಲಿ ಹಾಕುದು ಹಾರ್ನ್ ಸ್ಪೀಕರು, ಅಲ್ಲಿ ಎಡ ಬಲ ಅಂತ ಇಲ್ಲ, ಬೇಸೂ ಇಲ್ಲ. ಎಡ ಬಲವನ್ನು ಇನ್ನೂ ಅಗಲ ಮಾಡುವ ಸ್ಟೀರಿಯೋ ವೈಡನರ್ ಜಾಸ್ತಿ ಹಾಕಿದ್ರೆ ಎಡ ಬಲ ಸೇರುವಾಗ ಒಂದನ್ನೊಂದು ಕಳೆದುಕೊಂಡು ಅರ್ಧ ವಾದ್ಯ ಮಾಯ ಆಗ್ತದೆ.

ಅಕ್ಕನ ಮಗಳ ಪದಕ್ಕೆ ಕೊನೆಗೆ ಉಳಿದದ್ದು ಇಷ್ಟು: 100ರಲ್ಲಿ ಹೈ ಪಾಸ್, 150ರಲ್ಲಿ ಸಪೂರದ ನಾಚ್, 380ರಲ್ಲಿ 3 ಡಿಬಿ ಕಡಿತ, ಕಂಪ್ರೆಸರಲ್ಲಿ 4 ಡಿಬಿ, ಸ್ವಲ್ಪ ರಿವರ್ಬ್ (ಕೋಣೆಯಲ್ಲಿ ಮೊಳಗಿದ ಹಾಗೆ ಮಾಡುದು), ಆ ರಿವರ್ಬಿಗೂ ಬೇರೆಯೇ ಒಂದು ಹೈ ಪಾಸ್ 250ರಲ್ಲಿ, ಇಲ್ಲದಿದ್ರೆ ಅದರ ಬಾಲ ಕೆಳಗೆ ಕೆಸರು ಮಾಡ್ತದೆ. ಮಾಸ್ಟರಲ್ಲಿ ಲಿಮಿಟರ್ ಒಂದೇ, ಅದೂ ತಾರ ಷಡ್ಜಕ್ಕೆ ಹೋದಾಗ ಮಾತ್ರ ಮುಟ್ಟಿದ್ದು. 24 ಬಿಟ್ಟಿನ ವೇವ್ ಫೈಲ್ ಮಾಡಿ ಕೊಟ್ಟೆ. ಸಿಡಿಗೆ ಅಂತ 16 ಬಿಟ್ ಬೇಕಾದ್ರೆ ಆಗ ಕೊನೆಯಲ್ಲಿ ಒಂದೇ ಸಲ ಡಿದರ್ (ಬಿಟ್ ಇಳಿಸುವಾಗ ಸೇರಿಸುವ ಅತಿ ಸಣ್ಣ ಸೊಂಯ್) ಹಾಕ್ಬೇಕು, ಮೊದಲೇ ಹಾಕಿ ಆಮೇಲೆ ಇಕ್ಯೂ ಮುಟ್ಟಬಾರ್ದು. ಲಿಮಿಟರ್ ಹಾಕದ ಮಿಕ್ಸನ್ನು ಬೇರೆ ಹೆಸರಲ್ಲಿ ಪೆನ್‌ಡ್ರೈವಿಗೆ ಹಾಕಿ ಅವಳ ಕೈಗೇ ಕೊಟ್ಟಿದ್ದೇನೆ, ದೀಪಾವಳಿಗೆ ಬರುವಾಗ ತಂಬೂರಿ ಬೇರೆ ಸೇರಿಸ್ಬೇಕಂತೆ.